ಪೃಥ್ವೀಕಾಯ ಮತ್ತು ಗಣಿಗಾರಿಕೆ: ನಮ್ಮ ನಾಡಿನ ಅಧ್ಯಯನಗಳ ಒಂದು ಅವಲೋಕನ

ಶ್ರಾವಕನಾದವನು ಜೀವನೋಪಾಯಕ್ಕಾಗಿ ಕೈಗೊಳ್ಳಬಾರದ ಹದಿನೈದು ಉದ್ಯೋಗಗಳನ್ನು ನಮ್ಮ ಆಚಾರ್ಯರು ಕರ್ಮಾದಾನಗಳೆಂದು ಹೆಸರಿಸಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಈ ಪಟ್ಟಿ ವಿವರವಾಗಿ ದೊರೆಯುತ್ತದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರೂ ತಮ್ಮ ಸಾಗಾರಧರ್ಮಾಮೃತದಲ್ಲಿ ಖರಕರ್ಮಗಳ ಪ್ರಸ್ತಾಪವನ್ನು ಮಾಡಿದ್ದಾರೆ. ಇವುಗಳಲ್ಲೊಂದು ಸ್ಫೋಟಕರ್ಮ. ನೆಲವನ್ನು ಅಗೆದು, ಬಂಡೆಯನ್ನು ಒಡೆದು ಜೀವನ ಸಾಗಿಸುವ ವೃತ್ತಿ ಎಂಬುದು ಅದರ ಸ್ಥೂಲಾರ್ಥ. ಮಣ್ಣು, ಕಲ್ಲು, ಲೋಹದ ಅದಿರುಗಳೆಲ್ಲವೂ ಏಕೇಂದ್ರಿಯ ಪೃಥ್ವೀಕಾಯ ಜೀವಗಳೆಂದು ಒಪ್ಪಿದ ಮೇಲೆ ಈ ನಿಷೇಧವು ಸಹಜವಾಗಿಯೇ ಹಿಂಬಾಲಿಸುತ್ತದೆ.

ಆದರೆ ಈ ನಿಷೇಧವನ್ನು ಪಾಲಿಸಿದ ನಾವು ಲೋಹವನ್ನು ಬಿಟ್ಟೆವೆ? ಬಿಡಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಬೇರೆ ಬೇರೆ ಬಣ್ಣದ ಚಿನ್ನವನ್ನು ಬೆರೆಸಿದಾಗ ದೊರೆಯುವ ಮಿಶ್ರಣದ ಶುದ್ಧತೆಯನ್ನು ಕಂಡುಹಿಡಿಯುವ ಲೆಕ್ಕಗಳನ್ನು ಕೊಟ್ಟಿದ್ದಾರೆ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ದೆಹಲಿಯ ಸುಲ್ತಾನರ ಟಂಕಸಾಲೆಯಲ್ಲಿದ್ದ ಜೈನ ಶ್ರಾವಕ ಠಕ್ಕುರ ಫೇರು ನಾಣ್ಯಗಳ ಪರೀಕ್ಷೆಯ ಬಗೆಗೂ ಧಾತುಗಳ ಬಗೆಗೂ ಗ್ರಂಥಗಳನ್ನು ರಚಿಸಿದನು. ಚಿನ್ನದ ಬಣ್ಣ, ತೂಕ, ಬೆಲೆ ಇವುಗಳಲ್ಲಿ ನಮ್ಮ ಹಿರಿಯರಿಗೆ ಇದ್ದ ನೈಪುಣ್ಯವು ಅಸಾಧಾರಣವಾದುದು. ಅದು ಯಾವ ಗಣಿಯಿಂದ ಬಂದಿತು, ಯಾರ ಉಸಿರಿನ ಬೆಲೆಗೆ ಬಂದಿತು ಎಂಬ ಪ್ರಶ್ನೆಯನ್ನು ಮಾತ್ರ ಅವರು ಕೇಳಿದಂತೆ ನನಗೆ ಕಂಡುಬಂದಿಲ್ಲ. ಗಣಿ ನಮ್ಮದಲ್ಲ, ವ್ಯಾಪಾರ ಮಾತ್ರ ನಮ್ಮದು ಎಂಬುದೇ ನಮ್ಮ ಸಮಾಧಾನವಾಗಿತ್ತು.

ನನ್ನದೂ ಅದೇ ಸಮಾಧಾನವಾಗಿತ್ತು. ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ತಂದೆಯವರು ಇಟ್ಟ ಪಾತ್ರೆ ಅಂಗಡಿಯಲ್ಲಿ ನಾನು ನಲವತ್ತು ವರ್ಷಗಳಿಗೂ ಮೀರಿ ಕುಳಿತಿದ್ದೇನೆ. ಗಿರಾಕಿಗಳು ಆಯಸ್ಕಾಂತವನ್ನು ಹಿಡಿದು ಬರುವುದುಂಟು. ಅಂಟಿದರೆ ಕಳಪೆ, ಅಂಟದಿದ್ದರೆ ಒಳ್ಳೆಯ ಸ್ಟೀಲು ಎಂಬುದು ಅವರ ನಂಬಿಕೆ. (ಅಂಟದ ಎಲ್ಲ ಸ್ಟೀಲೂ ಒಳ್ಳೆಯದಲ್ಲ, ನಿಕ್ಕಲ್‌ಗೆ ಬದಲಾಗಿ ಮ್ಯಾಂಗನೀಸ್ ಹಾಕಿದ ಅಗ್ಗದ ತಗಡೂ ಅಂಟುವುದಿಲ್ಲ. ಇದನ್ನು ಗಿರಾಕಿಗೆ ಹೇಳುವ ವ್ಯಾಪಾರಿಗಳು ವಿರಳ.) ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದಿದ ನನ್ನ ತಂಗಿಯ ಮಗಳು ಒಮ್ಮೆ ಗಲ್ಲಾಪೆಟ್ಟಿಗೆಯ ಬಳಿ ನಿಂತು, “ಮಾವ, ಆಯಸ್ಕಾಂತ ಹಿಡಿದು ಪಾತ್ರೆ ನೋಡುತ್ತೀರಿ. ಇದರೊಳಗಿನ ಕ್ರೋಮಿಯಂ ಯಾವ ಊರಿನದು ಎಂದು ಎಂದಾದರೂ ಕೇಳಿದ್ದೀರಾ?” ಎಂದಳು. ನೂರು ಗ್ರಾಂ ಒಳ್ಳೆಯ ಸ್ಟೀಲಿನಲ್ಲಿ ಹದಿನೆಂಟು ಗ್ರಾಂ ಕ್ರೋಮಿಯಂ ಇರುತ್ತದೆಂದು ನನಗೆ ಗೊತ್ತಿತ್ತು. ಊರು ಗೊತ್ತಿರಲಿಲ್ಲ. ಪ್ರಸ್ತುತ ಲೇಖನವು ಆ ಪ್ರಶ್ನೆಯಿಂದ ಹುಟ್ಟಿತು. ನಾನು ವಿಜ್ಞಾನಿಯಲ್ಲ. ಬಿ.ಕಾಂ. ತರಗತಿಯಲ್ಲಿ ಗಣಿಯ ರಾಜಧನ, ಕನಿಷ್ಠ ಬಾಡಿಗೆ ಇತ್ಯಾದಿ ಲೆಕ್ಕಗಳನ್ನು ಮಾಡಿ ಅಂಕ ಪಡೆದದ್ದಷ್ಟೇ ಗಣಿಗೂ ನನಗೂ ಇದ್ದ ಸಂಬಂಧ. ಆ ಲೆಕ್ಕಗಳಲ್ಲಿ ಬೆಟ್ಟಕ್ಕೆ ಖಾತೆಯೇ ಇರಲಿಲ್ಲ.

ಇಂದು ಭಾರತದ ಕ್ರೋಮೈಟ್ ಬಹುತೇಕ ಒಡಿಶಾದ ಸುಕಿಂದಾ ಕಣಿವೆಯಿಂದ ಬರುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದಲೇ ಮೈಸೂರು ಸಂಸ್ಥಾನದಲ್ಲಿಯೂ ಇದನ್ನು ತೆಗೆಯುತ್ತಿದ್ದರು. ನಮ್ಮ ನಗರದ ದಕ್ಷಿಣಕ್ಕೆ ನಂಜನಗೂಡಿನ ಕಡೆಗಿರುವ ಸಿಂಧುವಳ್ಳಿಯಲ್ಲಿ ಕ್ರೋಮೈಟ್ ಗಣಿಯಿತ್ತು. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಅದಕ್ಕಿಂತ ದೊಡ್ಡದಿತ್ತು. ಮೈಸೂರು ಮಿನರಲ್ಸ್ ಎಂಬ ಸರ್ಕಾರಿ ಸಂಸ್ಥೆ ಅಲ್ಲಿ ಬಹುಕಾಲ ಅದಿರು ತೆಗೆಯಿತು. ಬೈರಾಪುರವಿರುವುದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ಅದೇ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳವೂ ಇದೆ. ಬಾಹುಬಲಿ ಸ್ವಾಮಿಯ ದರ್ಶನಕ್ಕೆಂದು ನಾನು ಎಷ್ಟೋ ಸಲ ಆ ತಾಲ್ಲೂಕಿಗೆ ಹೋಗಿ ಬಂದಿದ್ದೇನೆ. ನನ್ನ ಅಂಗಡಿಯ ಸರಕಿನ ಮೂಲದ್ರವ್ಯವೊಂದು ಅಲ್ಲಿಯೇ ನೆಲದೊಳಗಿದೆಯೆಂಬುದು ಅರುವತ್ತು ದಾಟುವವರೆಗೆ ತಿಳಿಯಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನುಗ್ಗೇಹಳ್ಳಿ ಸುತ್ತಿನ ಈ ಕ್ರೋಮೈಟ್ ಪ್ರದೇಶದ ಮಣ್ಣನ್ನು ಪರೀಕ್ಷಿಸಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ಕ್ರೋಮಿಯಂ, ನಿಕ್ಕಲ್, ಕೋಬಾಲ್ಟ್‌ಗಳು ಅಲ್ಲಿನ ಮಣ್ಣಿನಲ್ಲಿ ಹೆಚ್ಚಾಗಿರುವುದನ್ನು ಅವರು ತೋರಿಸಿದರು. ಇಲ್ಲೊಂದು ಸೂಕ್ಷ್ಮವಿದೆ. ಅಂತಹ ಶಿಲೆಗಳಿರುವ ಕಡೆ ಗಣಿಯೇ ಇಲ್ಲದಿದ್ದರೂ ಮಣ್ಣಿನಲ್ಲಿ ಈ ಲೋಹಗಳು ಸ್ವಭಾವತಃ ಹೆಚ್ಚಿರುತ್ತವೆ. ಪ್ರಕೃತಿಯ ಪಾಲೆಷ್ಟು, ಗಣಿಯ ತ್ಯಾಜ್ಯದ ಗುಡ್ಡೆಯ ಪಾಲೆಷ್ಟು ಎಂದು ಬೇರ್ಪಡಿಸುವುದೇ ಸಂಶೋಧಕನ ಕೆಲಸ. ಅದಿರಿನಲ್ಲಿರುವ ಕ್ರೋಮಿಯಂ ಸಾಮಾನ್ಯವಾಗಿ ನಿರುಪದ್ರವಿ ರೂಪದಲ್ಲಿರುತ್ತದೆ. ಅದೇ ಷಡ್ವೇಲೆನ್ಸಿಯ ರೂಪಕ್ಕೆ ತಿರುಗಿ ನೀರಿಗೆ ಇಳಿದರೆ ವಿಷ. ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದವರು ಬೈರಾಪುರದ ಶಿಲೆಗಳು ಬೆಳಕನ್ನು ಪ್ರತಿಫಲಿಸುವ ರೀತಿಯನ್ನು ಅಳೆದು, ಅದನ್ನು ಉಪಗ್ರಹ ಚಿತ್ರಗಳೊಡನೆ ಹೋಲಿಸಿ ಕ್ರೋಮೈಟ್ ಇರುವ ಎಡೆಗಳನ್ನು ಗುರುತಿಸಿದ್ದಾರೆ. ಅಗೆಯದೆಯೇ ತಿಳಿಯುವ ವಿದ್ಯೆ ಇದು. ಹತ್ತು ಕಡೆ ವ್ಯರ್ಥವಾಗಿ ತೋಡುವುದು ತಪ್ಪಿದರೆ ನಮ್ಮ ಪರಿಭಾಷೆಯಲ್ಲಿ ಅನರ್ಥದಂಡವು ಅಷ್ಟರ ಮಟ್ಟಿಗೆ ತಪ್ಪಿದಂತೆಯೇ.

ಕನ್ನಡ ನಾಡಿನಲ್ಲಿ ಗಣಿಯ ಇತಿಹಾಸ ಅತಿ ಪ್ರಾಚೀನವಾದುದು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನೂರಾರು ಅಡಿ ಆಳದವರೆಗೆ ಚಿನ್ನಕ್ಕಾಗಿ ತೋಡಿದ್ದರೆಂಬುದು ಹಳೆಯ ಗಣಿಯ ಮರದ ತುಂಡುಗಳ ಕಾಲನಿರ್ಣಯದಿಂದ ಸಿದ್ಧವಾಗಿದೆ. ಅದಕ್ಕೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ನಿಜಾಮ ಸಂಸ್ಥಾನದ ಗಣಿ ಇಂಜಿನಿಯರ್ ಸಿ. ಬೀಡನ್ ಚಿನ್ನವನ್ನರಸುತ್ತಿರುವಾಗ ಬಂಡೆಯ ಮೇಲಿನ ಬರಹವನ್ನು ಕಂಡನು. ಅದು ಅಶೋಕ ಎಂಬ ಹೆಸರನ್ನೇ ಹೊತ್ತ ಶಾಸನವೆಂದು ತಿಳಿದುಬಂದು ದೇವಾನಾಂಪ್ರಿಯನು ಯಾರೆಂಬ ಚರ್ಚೆ ಬಗೆಹರಿಯಿತು. ಪ್ರಾಣಿಹಿಂಸೆಯನ್ನು ತಡೆದ ಚಕ್ರವರ್ತಿಯ ಹೆಸರು ಗಣಿಗಾರನ ಕೈಗೆ ಸಿಕ್ಕಿತು. ನಮ್ಮ ಮೊಹಲ್ಲಾದ ಪ್ರಮುಖ ಬೀದಿಗೂ ಅದೇ ಹೆಸರು.

ಶಾಸ್ತ್ರೀಯ ರೀತಿಯ ಅಧ್ಯಯನವು 1894ರಲ್ಲಿ ಮೈಸೂರು ಸರ್ಕಾರ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಆರಂಭವಾಯಿತೆನ್ನಬಹುದು. ರಾಬರ್ಟ್ ಬ್ರೂಸ್ ಫೂಟ್ ಅದರ ಮೊದಲ ಮುಖ್ಯಸ್ಥರು. ಎಲ್ಲಿ ಏನಿದೆ ಎಂದು ತಿಳಿಯುವುದೇ ಆಗಿನ ಉದ್ದೇಶ; ತೆಗೆದ ಮೇಲೆ ಏನಾಗುತ್ತದೆ ಎಂಬುದು ಉದ್ದೇಶವಾಗಿರಲಿಲ್ಲ.

ಆ ಎರಡನೆಯ ಪ್ರಶ್ನೆಯನ್ನು ಬಲವಂತವಾಗಿ ಕೇಳಿಸಿದ್ದು ಕೋಲಾರದ ಚಿನ್ನದ ಗಣಿಗಳು. 1880ರಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಯಂತ್ರಗಣಿಗಾರಿಕೆ ನಡೆಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಅಲ್ಲಿಗೇ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಮೇಲಿನ ಭೂಭಾರದಿಂದ ಅದುಮಿಹೋಗಿರುವ ಬಂಡೆಯು ಸುತ್ತ ಟೊಳ್ಳಾದೊಡನೆ ಮದ್ದಿಲ್ಲದೆಯೇ ಸಿಡಿಯುತ್ತದೆ. ಇದಕ್ಕೆ ಶಿಲಾಸ್ಫೋಟವೆಂದು ಹೆಸರು. ಇದರಿಂದ ಕೆಳಗೆ ಕಾರ್ಮಿಕರು ಸತ್ತರು, ಮೇಲೆ ಮನೆಗಳು ಬಿರುಕುಬಿಟ್ಟವು. ಟೊಳ್ಳಾದ ಜಾಗಗಳಿಗೆ ಮರದ ಆಧಾರದ ಬದಲು ಗ್ರಾನೈಟ್ ಕಲ್ಲಿನ ಕಟ್ಟಡವನ್ನೂ ಅನಂತರ ಕಾಂಕ್ರೀಟನ್ನೂ ತುಂಬಿದರು. ನೆಲದಡಿಯ ಕಂಪನಗಳನ್ನು ದಾಖಲಿಸುವ ಯಂತ್ರಗಳನ್ನು ಹೂಡಿದರು. ಬಂಡೆಯ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ರೋಗದ ಕುರಿತು ಭಾರತದಲ್ಲಿ ನಡೆದ ಮೊದಲ ದೊಡ್ಡ ಪರೀಕ್ಷೆಗಳಲ್ಲೊಂದು 1940ರ ದಶಕದಲ್ಲಿ ಆ ಕಾರ್ಮಿಕರ ಮೇಲೆಯೇ ನಡೆಯಿತು. 1988ರಲ್ಲಿ ಕೇಂದ್ರ ಗಣಿ ಸಚಿವಾಲಯವು ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯನ್ನು ಕೆ.ಜಿ.ಎಫ್.ನಲ್ಲಿಯೇ ಸ್ಥಾಪಿಸಿತು. ಬಂಡೆ ಹೇಗೆ ಒಡೆಯುತ್ತದೆಂಬ ಜ್ಞಾನದ ಬಹುಭಾಗವನ್ನು ದೇಶವು ಪಡೆದದ್ದು ಕೋಲಾರದಿಂದ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸಯನೈಡ್ ಗುಡ್ಡಗಳೆಂದು ಜನರು ಕರೆಯುವ ತ್ಯಾಜ್ಯದ ದಿಬ್ಬಗಳು ಉಳಿದವು. ಗಾಳಿ ಬೀಸಿದಾಗ ಆ ಪುಡಿ ಊರಿನ ಮೇಲೆ ಹಾರುತ್ತದೆ. ಲಾಭಾಂಶ ಪಡೆದ ಷೇರುದಾರರ ಮನೆಗಳ ಮೇಲೆ ಹಾರುವುದಿಲ್ಲ.

ಸಯನೈಡಿನ ಪ್ರಸ್ತಾಪ ಬಂದುದರಿಂದ ಒಂದು ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ. ಎ. ನಟರಾಜನ್ ಅವರು ಅದಿರಿನಲ್ಲಿಯೇ ಸ್ವಾಭಾವಿಕವಾಗಿ ಬದುಕುವ ಸೂಕ್ಷ್ಮಾಣುಗಳಿಂದ ಲೋಹವನ್ನು ಬಿಡಿಸುವ ಜೈವಿಕ ವಿಧಾನಗಳ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆಸಿದರು. ಗಂಧಕದೊಡನೆ ಬೆಸೆದುಕೊಂಡ ಚಿನ್ನವನ್ನು ಕುಲುಮೆಯಲ್ಲಿ ಹುರಿದು ವಿಷಾನಿಲ ಬಿಡುವ ಬದಲು ಈ ಜೀವಿಗಳು ಗಂಧಕವನ್ನು ನಿಧಾನವಾಗಿ ತಿಂದು ದಾರಿಮಾಡಿಕೊಡುತ್ತವೆ. ಹೊಗೆ ತಗ್ಗುತ್ತದೆ, ಇಂಧನ ಉಳಿಯುತ್ತದೆ. ಆದರೆ ಕೋಟ್ಯಂತರ ಏಕೇಂದ್ರಿಯ ಜೀವಿಗಳನ್ನು ತೊಟ್ಟಿಯಲ್ಲಿ ಸಾಕಿ ದುಡಿಸಿಕೊಳ್ಳುವ ಈ ವಿಧಾನವನ್ನು ನಮ್ಮ ಮುನಿಗಳು ಯಾವ ಖಾತೆಗೆ ಬರೆಯುವರೋ ನಾನರಿಯೆ.

ಕುದುರೆಮುಖದ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಅಳತೆಯನ್ನು ಯಾರು ಮಾಡಬೇಕೆಂಬ ಪ್ರಶ್ನೆ ಅಲ್ಲಿ ಸ್ಪಷ್ಟವಾಗಿ ಎದುರಾಯಿತು. 1976ರಲ್ಲಿ ಸ್ಥಾಪಿತವಾದ ಸರ್ಕಾರಿ ಕಂಪನಿಯು ಪಶ್ಚಿಮ ಘಟ್ಟದ ಮಳೆಗಾಡಿನ ನಡುವೆ, ಭದ್ರಾ ನದಿಯ ಜಲಾನಯನದಲ್ಲಿ ಕಬ್ಬಿಣದ ಅದಿರನ್ನು ತೆಗೆದು, ನೀರಿನೊಡನೆ ಬೆರೆಸಿ 67 ಕಿಲೋಮೀಟರ್ ಕೊಳವೆಯ ಮೂಲಕ ಮಂಗಳೂರಿಗೆ ಹರಿಸಿತು. ಉಳಿದ ಕೆಸರನ್ನು ಹಿಡಿದಿಡಲು ಲಕ್ಯಾ ಅಣೆಕಟ್ಟು ಕಟ್ಟಿದರು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ನದಿಗೆ ಹೋಗುವ ಹೂಳು ಅಷ್ಟೇನೂ ಇಲ್ಲವೆಂದು ಒಂದು ಪಕ್ಷ, ನದಿ ಕೆಂಪಾಗಿದೆಯೆಂದು ಇನ್ನೊಂದು ಪಕ್ಷ.

ಜಗದೀಶ್ ಕೃಷ್ಣಸ್ವಾಮಿ, ಉಲ್ಲಾಸ ಕಾರಂತ ಮೊದಲಾದವರು ಈ ಹೂಳನ್ನು ಅಳೆದರು. ಅವರ ಪ್ರಬಂಧ 2006ರಲ್ಲಿ ಪ್ರಕಟವಾಯಿತು. ಮಲೆನಾಡಿನ ನದಿಯಲ್ಲಿ ವರ್ಷದ ಹೂಳಿನ ಬಹುಪಾಲು ಹರಿಯುವುದು ಕೆಲವೇ ದಿನಗಳ ಬಿರುಮಳೆಯಲ್ಲಿ. ತಿಂಗಳಿಗೊಮ್ಮೆ ಅನುಕೂಲವಾದ ದಿನ ಹೋಗಿ ಒಂದು ಸೀಸೆ ನೀರು ತುಂಬಿಕೊಂಡು ಬಂದವನಿಗೆ ನದಿ ನಿರ್ಮಲವಾಗಿಯೇ ಕಾಣುತ್ತದೆ. ಅಂಗಡಿಯ ದಾಸ್ತಾನನ್ನು ದೀಪಾವಳಿಯ ಮರುದಿನ ಎಣಿಸಿ, ವರ್ಷವಿಡೀ ಸರಕೇ ಇರಲಿಲ್ಲವೆಂದು ಬರೆದಂತೆ ಅದು. ಇವರು ಮಳೆಯ ನಡುವೆ ನಿಂತು ಅಳೆದರು. ಜಲಾನಯನದ ಅತಿ ಸಣ್ಣ ಭಾಗವಾಗಿದ್ದ ಗಣಿಪ್ರದೇಶವು ಹೂಳಿಗೆ ತನ್ನ ವಿಸ್ತೀರ್ಣಕ್ಕೆ ಹೋಲಿಸಲಾಗದಷ್ಟು ದೊಡ್ಡ ಪಾಲನ್ನು ಕೊಡುತ್ತಿದ್ದುದು ಕಂಡುಬಂದಿತು. ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರಿನಲ್ಲಿಯೇ ಗಣಿ ನಿಲ್ಲಿಸಲು ಆದೇಶಿಸಿದ್ದು, 2005ರ ಕೊನೆಯಲ್ಲಿ ಕೆಲಸ ನಿಂತಿತು. ಸಾವಿರಾರು ಕುಟುಂಬಗಳ ಉದ್ಯೋಗವೂ ಅದರೊಡನೆ ಹೋಯಿತೆಂಬುದನ್ನು ಮರೆಯುವುದು ನ್ಯಾಯವಲ್ಲ.

ಬಳ್ಳಾರಿಯ ಕಥೆ ಪತ್ರಿಕೆಗಳ ಮೂಲಕ ಎಲ್ಲರಿಗೂ ತಿಳಿದಿದೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿಗಳು 2008ರಲ್ಲಿಯೂ 2011ರಲ್ಲಿಯೂ ಬಂದವು. ಸಮಾಜ ಪರಿವರ್ತನಾ ಸಮುದಾಯದ ಅರ್ಜಿಯ ಮೇಲೆ 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಳನ್ನು ಸರ್ವೋಚ್ಚ ನ್ಯಾಯಾಲಯ ನಿಲ್ಲಿಸಿತು. ಮರುತಿಂಗಳು ಚಿತ್ರದುರ್ಗ, ತುಮಕೂರುಗಳನ್ನೂ ಸೇರಿಸಿತು. ಇಷ್ಟು ಪ್ರಸಿದ್ಧ. ಅನಂತರ ನಡೆದುದು ಅಷ್ಟು ಪ್ರಸಿದ್ಧವಲ್ಲ, ಆದರೆ ಲೆಕ್ಕಪತ್ರ ಬಲ್ಲವನಿಗೆ ಅದೇ ಹೆಚ್ಚು ಸ್ವಾರಸ್ಯಕರ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತಿನಿಂದ ಪರಿಸರದ ಸಮಗ್ರ ಅಧ್ಯಯನ ಮಾಡಿಸಿದರು. ನೆಲದೊಳಗೆ ಎಷ್ಟು ಅದಿರಿದೆ ಎಂಬುದರ ಜೊತೆಗೆ ಆ ಗಾಳಿ, ನೀರು, ರಸ್ತೆ, ಜನವಸತಿಗಳು ಎಷ್ಟನ್ನು ತಾಳಬಲ್ಲವು ಎಂಬ ಪ್ರಶ್ನೆಯಿಂದ ವಾರ್ಷಿಕ ಮಿತಿ ಹುಟ್ಟಿತು: ಬಳ್ಳಾರಿಗೆ 2.5 ಕೋಟಿ ಟನ್, ಉಳಿದೆರಡು ಜಿಲ್ಲೆಗಳಿಗೆ 50 ಲಕ್ಷ ಟನ್. ಪರಿಗ್ರಹಕ್ಕೆ ಪರಿಮಾಣವನ್ನು ನಿಗದಿಮಾಡುವ ವ್ರತವೊಂದು ನಮ್ಮಲ್ಲಿದೆ; ಒಂದು ಜಿಲ್ಲೆಗೆ ಅಂತಹುದನ್ನು ನ್ಯಾಯಾಲಯ ವಿಧಿಸಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಗುತ್ತಿಗೆಗಳನ್ನು ಉಲ್ಲಂಘನೆಯ ಪ್ರಮಾಣದಂತೆ ಎ, ಬಿ, ಸಿ ಎಂದು ವರ್ಗೀಕರಿಸಿದರು. ಮೊದಲೆರಡು ವರ್ಗದವರು ತ್ಯಾಜ್ಯದ ಗುಡ್ಡೆಗಳಿಗೆ ತಡೆಗೋಡೆ, ಕೊರಕಲುಗಳಿಗೆ ಅಡ್ಡಗಟ್ಟೆ, ಸುತ್ತ ಕಾಲುವೆ, ಗಿಡ ನೆಡುವಿಕೆ ಇವೆಲ್ಲವುಗಳ ಪುನಶ್ಚೇತನ ಯೋಜನೆಯನ್ನು ಒಪ್ಪಿ ನಡೆಸಿದ ಮೇಲೆಯೇ ಅದಿರು ತೆಗೆಯಬಹುದು. 2013ರ ಏಪ್ರಿಲ್ 18ರ ತೀರ್ಪು ಸಿ ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು. ಮಿತಿಯು ಅನಂತರ ಏರಿತು. 2022ರಲ್ಲಿ ಅದು ಬಳ್ಳಾರಿಗೆ 3.5 ಕೋಟಿ, ಉಳಿದೆರಡಕ್ಕೆ 1.5 ಕೋಟಿ ಟನ್ ಆಯಿತು. ವ್ರತದ ಪರಿಮಾಣವನ್ನು ಅನುಕೂಲಕ್ಕೆ ತಕ್ಕಂತೆ ಹಿಗ್ಗಿಸಿಕೊಳ್ಳುವ ಶ್ರಾವಕರೂ ನಮ್ಮಲ್ಲಿಲ್ಲದಿಲ್ಲ.

ಇನ್ನು ನಮ್ಮ ಬಾಗಿಲಿಗೆ ಬರೋಣ. ದೇವಾಲಯಗಳ ವಿಶ್ವಸ್ತರಿಗೆ ಕಬ್ಬಿಣ, ಕ್ರೋಮೈಟ್‌ಗಳಿಗಿಂತ ಹತ್ತಿರದ್ದು ಕಲ್ಲು. ಸುಮಾರು ಕ್ರಿ.ಶ. 981ರಲ್ಲಿ ಚಾವುಂಡರಾಯನು ವಿಂಧ್ಯಗಿರಿಯ ಬಂಡೆಯನ್ನು ಇದ್ದಲ್ಲಿಯೇ ಕೆತ್ತಿಸಿದನು. ಉಳಿಯ ಏಟಿನಿಂದಲೇ ಆ ಕೆಲಸ ನಡೆಯಿತು. ಇಂದಿನ ಕಲ್ಲುಗಣಿಯಲ್ಲಿ ಕೊರೆದ ಕುಳಿಗೆ ಮದ್ದು ತುಂಬಿ ಸಿಡಿಸುತ್ತಾರೆ, ಕಂಪನವು ನೆಲದಲ್ಲಿ ಹರಡುತ್ತದೆ. ಬಿಳಿಕೆರೆಯ ಸಮೀಪದ ಗೊಮ್ಮಟಗಿರಿಯ ಹದಿನೆಂಟು ಅಡಿ ಬಾಹುಬಲಿಗೆ ಸುತ್ತಲಿನ ಕಲ್ಲುಗಣಿಗಳಿಂದ ಅಪಾಯವೆಂಬ ದೂರು ನಮ್ಮ ಜಿಲ್ಲೆಯಲ್ಲಿಯೇ ಕೇಳಿಬಂದಿತ್ತು. ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ಗಣಿಗಳಿಂದ ಕನ್ನಂಬಾಡಿ ಅಣೆಕಟ್ಟಿಗೆ ಅಪಾಯವಿದೆಯೆ ಎಂದು ತಿಳಿಯಲು ಪರೀಕ್ಷಾರ್ಥ ಸ್ಫೋಟ ನಡೆಸಲು ಹೊರಟಾಗ ರೈತರು ತಡೆದರು. 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಅಣೆಕಟ್ಟಿನ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ತಡೆಹಿಡಿಯಿತು.

ಕಂಪನವನ್ನು ಅಳೆಯಬಹುದು ಎಂಬುದು ಅನೇಕ ವಿಶ್ವಸ್ತರಿಗೆ ತಿಳಿದಂತಿಲ್ಲ. ನೆಲದ ಕಣವು ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗುತ್ತದೆ ಎಂಬುದೇ ಮಾನದಂಡ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ, ಸೆಕೆಂಡಿಗೆ ಎಂಟು ಆವರ್ತನಕ್ಕಿಂತ ಕಡಿಮೆಯ ಕಂಪನದಲ್ಲಿ ಸಾಮಾನ್ಯ ವಾಸದ ಮನೆಗೆ 5 ಮಿಲಿಮೀಟರ್, ಐತಿಹಾಸಿಕ ಮಹತ್ವದ ಕಟ್ಟಡಕ್ಕೆ ಕೇವಲ 2 ಮಿಲಿಮೀಟರ್ ಮಿತಿ. ಬಸದಿಯ ಬಳಿ ಮದ್ದಿನ ಸದ್ದು ಕೇಳಿದಾಗ ತಹಸೀಲ್ದಾರರಿಗೆ ಬರೆಯುವ ಅರ್ಜಿಯಲ್ಲಿ ‘ಭಕ್ತರ ಭಾವನೆಗೆ ಧಕ್ಕೆ’ ಎಂದು ಬರೆಯುವುದು ರೂಢಿ. ಅಳತೆ ಮಾಡಿಸಿ ಕೊಡಿ ಎಂದು ಈ ಅಂಕಿಯನ್ನು ಕಾಣಿಸಿದರೆ ಅರ್ಜಿಯನ್ನು ತಳ್ಳಿಹಾಕುವುದು ಕಷ್ಟ. ಅಂತಹ ಅಳತೆಯನ್ನು ಮಾಡಿಕೊಡುವುದು ಶಿಲಾಯಂತ್ರಶಾಸ್ತ್ರ ಸಂಸ್ಥೆಯ ಕೆಲಸಗಳಲ್ಲೊಂದು.

ಇಷ್ಟನ್ನೆಲ್ಲ ಬರೆದ ಮೇಲೆ ನನ್ನ ಒಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮಂದಿರದ ಜೀರ್ಣೋದ್ಧಾರ ಸಮಿತಿಗೆ ನಾನು ಖಜಾಂಚಿಯಾಗಿದ್ದೆ. ಪ್ರಾಂಗಣಕ್ಕೆ ಎರಡು ಲಾರಿ ಹಾಸುಗಲ್ಲು ಬಂದಿತು. ಬೆಲೆ ಪೇಟೆಗಿಂತ ಕಡಿಮೆ. ಬಿಲ್ಲಿನೊಡನೆ ಇರಬೇಕಾದ ಗಣಿ ಇಲಾಖೆಯ ಸಾಗಣೆ ಪರವಾನಗಿ ಇರಲಿಲ್ಲ. ಅಂದರೆ ಆ ಕಲ್ಲಿಗೆ ರಾಜಧನ ಕಟ್ಟಿದುದಕ್ಕೆ ಆಧಾರವಿಲ್ಲ, ಎಲ್ಲಿಂದ ಒಡೆದರೆಂಬುದಕ್ಕೂ ಆಧಾರವಿಲ್ಲ. ನನಗೆ ಅದು ಆ ಕ್ಷಣದಲ್ಲಿಯೇ ಕಂಡಿತು. ಪ್ರತಿಷ್ಠಾ ಮಹೋತ್ಸವಕ್ಕೆ ಹನ್ನೊಂದು ದಿನಗಳಿದ್ದವು. ರುಜು ಹಾಕಿದೆ. ಸ್ವತಃ ಮಾಡುವುದು, ಮಾಡಿಸುವುದು, ಮಾಡಿದವರನ್ನು ಅನುಮೋದಿಸುವುದು ಈ ಮೂರೂ ಸಮಾನವೆಂದು ಪರ್ಯೂಷಣದಲ್ಲಿ ಕೇಳಿದವನು ನಾನೇ. ಸ್ಫೋಟಕರ್ಮವು ಗಣಿಗಾರನದೆಂದು ಅದುವರೆಗೆ ತಿಳಿದಿದ್ದೆ.

ಕಳೆದ ವರ್ಷ ಅದೇ ಮಂದಿರದ ಹೊರಗೋಡೆಗೆ ಕಲ್ಲು ಬೇಕಾಯಿತು. ನಾನು ಸಮಿತಿಯಲ್ಲಿಲ್ಲದಿದ್ದರೂ ಸಭೆಗೆ ಹೋಗಿ, ಪರವಾನಗಿಯ ಪ್ರತಿ ಇಲ್ಲದ ಲಾರಿಯನ್ನು ಇಳಿಸಿಕೊಳ್ಳಬಾರದು, ಗಣಿಯನ್ನು ಇಬ್ಬರು ಸದಸ್ಯರು ಹೋಗಿ ಕಣ್ಣಾರೆ ನೋಡಿ ಬರಬೇಕು ಎಂದು ಕೇಳಿಕೊಂಡೆ. ಖರ್ಚು ಹೆಚ್ಚುವುದೆಂದು ಆಕ್ಷೇಪ ಬಂದಿತು; ಹೆಚ್ಚಿದುದೂ ನಿಜ. ಒಬ್ಬ ಹಿರಿಯರು, “ಶೇಠರೇ, ನಿಮ್ಮ ಕಾಲದಲ್ಲಿ ನೀವು ನೋಡಿದಿರಾ?” ಎಂದು ಕೇಳಿದರು. ಇಲ್ಲವೆಂದೆ. ಆ ಮೇಲೆ ಚರ್ಚೆ ಬೆಳೆಯಲಿಲ್ಲ, ನಿರ್ಣಯ ಅಂಗೀಕಾರವಾಯಿತು. ಗಣಿ ನೋಡಲು ಹೋದ ಇಬ್ಬರಲ್ಲಿ ನಾನೊಬ್ಬ. ಅಲ್ಲಿ ಕುಳಿ ಕೊರೆಯುತ್ತಿದ್ದ ಹುಡುಗನ ಬಾಯಿಗೆ ಕಟ್ಟಿದ್ದುದು ಒಂದು ಹಳೆಯ ಟವಲು. ಧೂಳು ತಡೆಯುವ ಮುಖವಾಡ ಕೊಡುತ್ತಾರೆಯೇ ಎಂದು ಗುತ್ತಿಗೆದಾರನನ್ನು ಕೇಳಿದೆವು; ಆಫೀಸಿನಲ್ಲಿದೆ ಎಂದನು. ಸಮಿತಿಯ ಖರೀದಿ ಕರಾರಿನಲ್ಲಿ ಅದಕ್ಕೂ ಒಂದು ಷರತ್ತು ಸೇರಿಸಬೇಕೆಂದು ನಾವಿಬ್ಬರೂ ಬರೆದುಕೊಟ್ಟ ಟಿಪ್ಪಣಿ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿದೆ.